ಮೂಗ ಬಸ್ಸಿನ ಮೋಸೆಸೆ

ತೊಂಗಾ ದ್ವೀಪದಲ್ಲಿ ನಮ್ಮೂರು ಕೊಲೊವಾಯಿಯಿಂದ ರಾಜಧಾನಿ ನುಕುಅಲೋಫಾಗೆ ಓಡುವ ಬಸ್ಸುಗಳಲ್ಲಿ ಹಾಡಿಲ್ಲದ ಬಸ್ಸು ಒಂದೇ ಇತ್ತು, ಅದು ಮೋಸೆಸೆಯದು. ನಮ್ಮಲ್ಲಿ ಬಸ್ಸು ಇಟ್ಟವರು ಸೀಟು ಹರಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬ್ರೇಕು ಕಿರುಚಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಪೀಕರು ಮಾತ್ರ ಎದೆಗೆ ಗುದ್ದುವ ಹಾಗಿರಬೇಕು. ಮೋಸೆಸೆ ಬಸ್ಸು ಕೊಂಡ ದಿನವೇ ಅದರ ರೇಡಿಯೋ ಕಿತ್ತು ಭಾವಮೈದುನನಿಗೆ ಕೊಟ್ಟುಬಿಟ್ಟ. ರೇಡಿಯೋ ಇದ್ದ ತೂತಿನಲ್ಲಿ ಒಂದು ಬೈಬಲ್ಲು, ಒಂದು ಬಾಚಣಿಗೆ, ಹೆಂಡತಿ ಕಟ್ಟಿಕೊಟ್ಟ ಬೇಯಿಸಿದ ಕೆಸುವಿನ ಗೆಡ್ಡೆ ಇರುತ್ತಿದ್ದವು. ಊರೆಲ್ಲ ಅದನ್ನು ಮೂಗ ಬಸ್ಸು ಎಂದು ಕರೆಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಮೋಸೆಸೆಯ ಅಕ್ಕ ಲೋಸಾಲಿನೆ ಹಾಡು ಬರೆಯುತ್ತಿದ್ದಳು. ಕಥೆಗಳನ್ನೂ ಬರೆದಳು, ಆದರೆ ಜನ ಹುಚ್ಚಾದದ್ದು ಹಾಡಿಗೆ. ಎಲ್ಲವೂ ಪ್ರೀತಿಯ ಹಾಡುಗಳು. ರೇಡಿಯೋದವರು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಹವಾಮಾನ ಹೇಳಿ, ಆಮೇಲೆ ಹಾಕುತ್ತಿದ್ದದ್ದು ಅವಳ ಹಾಡು. ಗಂಡಸರು ಕಾವಾ ಬೇರಿನ ರಸದ ಬಟ್ಟಲಿನ ಸುತ್ತ ಕೂತು ಗಂಟಲು ಕಟ್ಟುವ ತನಕ ಹಾಡುತ್ತಿದ್ದದ್ದೂ ಅವಳದೇ. ನಮ್ಮಲ್ಲಿ ಗಂಡಸು ಅಕ್ಕತಂಗಿಯರ ಎದುರು ಪ್ರೀತಿ ಪ್ರೇಮದ ಮಾತು ಆಡುವುದಿಲ್ಲ, ಅಂಥ ಮಾತು ಬಿದ್ದ ಕಡೆ ಅವರ ಜೊತೆ ಕೂರುವುದೂ ಇಲ್ಲ. ಟಿವಿಯಲ್ಲಿ ಯಾರಾದರೂ ಮುತ್ತು ಕೊಡಲು ಹೊರಟರೆ ಸಾಕು, ಅಣ್ಣನಿಗೋ ತಂಗಿಗೋ ಒಮ್ಮೆಗೇ ಬಾಯಾರಿಕೆಯಾಗಿ ಅಡುಗೆಮನೆ ನೆನಪಾಗುತ್ತದೆ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನಡೆಯಲು ಬಂದ ಹಾಗೆ ಇದೂ ಬರುತ್ತದೆ.

ಮೋಸೆಸೆ ಮಾತ್ರ ಇದನ್ನು ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಹಚ್ಚಿಕೊಂಡ. ಅಕ್ಕ ಎದುರಿಗೆ ಇರಲಿ ಬಿಡಲಿ, ಅವಳ ಹಾಡು ಕಿವಿಗೆ ಬಿದ್ದರೆ ಎದ್ದು ಹೊರಡುತ್ತಿದ್ದ. ಇದು ಅತಿಯಾಯಿತು ಎಂದು ಪಾದ್ರಿಗಳೇ ಒಮ್ಮೆ ಅವನಿಗೆ ಬುದ್ಧಿ ಹೇಳಲು ಬಂದರು. ಲೋಸಾಲಿನೆ ಮನೆಯಲ್ಲಿ ಚಾಪೆ ಹೆಣೆಯುತ್ತಿರುವಾಗ ಇಲ್ಲಿ ಬಸ್ಸಿನಲ್ಲಿ ಹಾಡು ಕೇಳಿದರೆ ಯಾವ ಮರ್ಯಾದೆ ಹೋಗುತ್ತದೆ ಎಂದರು.

"ಅವಳಿಲ್ಲ ಅಂತ ಹೆಂಗೆ ಹೇಳ್ತೀರಿ ಸ್ವಾಮಿ?" ಎಂದ ಮೋಸೆಸೆ. "ಮಾತು ಅವಳದು. ಮಾತು ಎಲ್ಲಿದೆಯೋ ಅಲ್ಲಿ ಅವಳೂ ಇರ್ತಾಳೆ."

ಪ್ರತಿ ಭಾನುವಾರ ದೇವರ ವಿಷಯದಲ್ಲಿ ತಾವು ಹೇಳುವುದೂ ಇದನ್ನೇ ಎಂದು ಪಾದ್ರಿಗಳಿಗೆ ಹೊಳೆದಿರಬೇಕು. ಅವರು ಕೆಸುವಿನ ಗೆಡ್ಡೆಯ ಒಂದು ಚೂರು ತಿಂದು ಎದ್ದುಹೋದರು.

ರೇಡಿಯೋ ಕಿತ್ತರೂ ಪ್ರಯಾಣಿಕರ ಬಾಯಿ ಕೀಳಲು ಆಗುವುದಿಲ್ಲವಲ್ಲ. ಹಿಂದಿನ ಸೀಟಿನಲ್ಲಿ ಯಾರಾದರೂ ಮೈಮರೆತು ಲೋಸಾಲಿನೆಯ ಹಾಡು ಗುನುಗಿದರೆ ಮೋಸೆಸೆ ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದ. ಒಂದು ಮಾತೂ ಆಡದೆ ಇಳಿದು, ಹಿಂದಿನ ಎಡಗಡೆಯ ಟೈರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದನ್ನು ಸ್ಪ್ಯಾನರಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದ. ಬಸ್ಸಿನಲ್ಲಿದ್ದವರಿಗೆ ಆಮೇಲೆ ಏನು ಕೆಲಸ? ಹೇಗಿದ್ದರೂ ಬಸ್ಸು ನಿಂತಿದೆ ಎಂದು ಎಲ್ಲರೂ ಸೇರಿ ಹಾಡನ್ನು ಪೂರ್ತಿ ಹಾಡಿಯೇ ಬಿಡುತ್ತಿದ್ದರು. ಶಾಲೆಯ ಹುಡುಗರಂತೂ ಪರೀಕ್ಷೆಯ ದಿನ ಬೇಕೆಂದೇ ಶುರು ಹಚ್ಚುತ್ತಿದ್ದರು. ತಡವಾಗಿ ಬಂದ ಮಕ್ಕಳ ಹಿಂಡನ್ನು ಕಂಡು ಹೆಡ್‌ಮಿಸ್ಸು ಅವನನ್ನು ತರಾಟೆಗೆ ತೆಗೆದುಕೊಂಡಾಗ ಟೈರಿನಲ್ಲಿ ಗಾಳಿ ಕಮ್ಮಿ ಇತ್ತು ಎಂದು ನೆಲ ನೋಡುತ್ತ ನಿಂತ. ಇಡೀ ತೊಂಗಾದಲ್ಲಿ ಅಷ್ಟು ಆರೈಕೆ ಕಂಡ ಟೈರು ಇನ್ನೊಂದಿರಲಿಲ್ಲ.

ಹಾಡು ಮುಗಿದದ್ದು ಅವನಿಗೆ ಹೇಗೆ ತಿಳಿಯುತ್ತಿತ್ತು ಎಂದರೆ, ಲೋಸಾಲಿನೆಯ ಹಾಡುಗಳೆಲ್ಲ ಮುಗಿಯುತ್ತಿದ್ದದ್ದು ಒಂದೇ ರೀತಿಯಲ್ಲಿ. ಹಾಡಿನ ಉದ್ದಕ್ಕೂ ದನಿ ಎಷ್ಟೇ ಮೆಲ್ಲಗಿರಲಿ, ಕೊನೆಯ ಸಾಲಿಗೆ ಬಂದಾಗ ಎಲ್ಲರೂ ಸೇರಿ ಗಟ್ಟಿಯಾಗಿ ಹೇಳಬೇಕು. ಒಳಗೆ ಬಾ, ಗಾಳಿ ತಣ್ಣಗಾಯಿತು. ಒಳಗೆ ಬಾ, ದೀಪ ಹಚ್ಚಿದೆ. ಒಳಗೆ ಬಾ, ಜೀಗುಜ್ಜೆ ಬೆಂದಿದೆ. ಒಂದೊಂದು ಹಾಡಿಗೆ ಒಂದೊಂದು, ಆದರೆ ಎಲ್ಲದರಲ್ಲೂ ಯಾರನ್ನೋ ಒಳಗೆ ಕರೆಯುವುದೇ. ಅದರಲ್ಲಿ ಪ್ರೀತಿ ಪ್ರೇಮದ ಸೊಲ್ಲಿಲ್ಲವಾದ್ದರಿಂದ ಆ ಸಾಲು ಕಿವಿಗೆ ಬಿದ್ದರೆ ತಪ್ಪಿಲ್ಲ ಎಂದು ಮೋಸೆಸೆ ಇಟ್ಟುಕೊಂಡಿದ್ದ. ಅದು ಕೇಳಿಸಿದ ಕೂಡಲೇ ಮೊಣಕಾಲಿನ ಧೂಳು ಕೊಡವಿ, ಬಸ್ಸು ಹತ್ತಿ, ಗೇರು ಹಾಕುತ್ತಿದ್ದ.

ಹೀಗಾಗಿ ಅಕ್ಕನ ಹಾಡುಗಳ ಕೊನೆಯ ಸಾಲು ಮಾತ್ರ ಅವನಿಗೆ ಗೊತ್ತಿತ್ತು, ಎಲ್ಲ ಹಾಡಿನದೂ. ಅದರಾಚೆ ಒಂದಕ್ಷರ ಗೊತ್ತಿರಲಿಲ್ಲ. ಜೀಗುಜ್ಜೆ ಬೆಂದಿತು ಅಂದದ್ದಕ್ಕೆ ಗಟ್ಟಿಮುಟ್ಟಾದ ಗಂಡಸರು ಯಾಕೆ ಕಣ್ಣೊರೆಸಿಕೊಳ್ಳುತ್ತಾರೆ ಎಂದು ಅವನಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಆದರೆ ಅರ್ಥ ಮಾಡಿಕೊಳ್ಳುವ ಆಸೆ ಇತ್ತು, ತುಂಬಾ ಇತ್ತು. ಅವನ ಹೆಂಡತಿ ಫುಸಿಗೆ ಅಷ್ಟೂ ಹಾಡು ಬಾಯಿಪಾಠ; ಅವನು ಮನೆಯಲ್ಲಿಲ್ಲದಾಗ ಹಾಡಿಕೊಳ್ಳುತ್ತಿದ್ದಳು. ಒಂದು ಸಂಜೆ ಮೋಸೆಸೆ ತೆಂಗಿನಕಾಯಿ ತುರಿಯುತ್ತಿದ್ದ ಅವಳ ಪಕ್ಕದಲ್ಲಿ ಕೂತು, ಆ ಹಾಡುಗಳಲ್ಲಿ ಅಂಥದ್ದೇನಿದೆ, ಒಂದೇ ಮಾತಿನಲ್ಲಿ ಹೇಳು ಎಂದು ಕೇಳಿದ. ಫುಸಿ ತುರಿಯುವುದನ್ನು ನಿಲ್ಲಿಸಿ, ಸ್ವಲ್ಪ ಯೋಚಿಸಿ, ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಕೈ ಅಡ್ಡ ಹಿಡಿದು ಬೇಡ, ಬೇಡ ಎಂದ.

"ಕೇಳ್ಬೇಕು ಅಂತಾನೂ ಆಸೆ, ಕೇಳ್ಬಾರ್ದು ಅಂತಾನೂ ಹಠ," ಎಂದಳು ಫುಸಿ. "ನಿಮ್ಮನ್ನ ಕಟ್ಕೊಂಡು ನಾನು ಸುಧಾರಿಸಿದ್ದು ಸಾಲ್ದು, ಆ ಟೈರೂ ಸುಧಾರಿಸ್ತಿದೆ."

ಹಠ ಎಂದು ಅವಳು ಅಂದರೂ, ಅಲ್ಲಿ ಇದ್ದದ್ದು ಹಠಕ್ಕಿಂತ ದೊಡ್ಡದು ಎಂದು ನಮ್ಮೂರಿನವರಿಗೆ ಗೊತ್ತಿತ್ತು. ಅಕ್ಕತಮ್ಮ ಇಬ್ಬರನ್ನು ಚಿಕ್ಕಂದಿನಿಂದ ಕಂಡವರು ಹೇಳುವುದುಂಟು. ಅವರ ತಂದೆ ಮೀನಿಗೆ ಹೋದವನು ಬರಲಿಲ್ಲ. ತಾಯಿ ತೊಗಟೆ ಬಡಿದು ಬಟ್ಟೆ ಮಾಡುತ್ತ ಇಬ್ಬರನ್ನು ಸಾಕಿದಳು. ಲೋಸಾಲಿನೆ ಲಂಗ ತೊಡುವ ವಯಸ್ಸಿಗೇ ಪದ ಕಟ್ಟಲು ಶುರುಮಾಡಿದಳು. ಒಂದು ಮಳೆಗಾಲದ ಸಂಜೆ ನೆರೆಯ ಹೆಂಗಸರೆಲ್ಲ ಅವರ ಮನೆಯಲ್ಲಿ ಚಾಪೆ ಹೆಣೆಯುತ್ತ ಕೂತಿದ್ದಾಗ, ಹೊಸದಾಗಿ ಕಟ್ಟಿದ ಹಾಡು ಹೇಳು ಎಂದು ಅವಳನ್ನು ಪೀಡಿಸಿದರು. ಹುಡುಗ ಮೋಸೆಸೆ ಮೂಲೆಯಲ್ಲಿ ಬಲೆ ಸರಿಮಾಡುತ್ತಿದ್ದ. ಅವಳು ಅವನ ಕಡೆ ನೋಡಿ ಸುಮ್ಮನಾದಳು. ಹೆಂಗಸರು ಬಿಡಲಿಲ್ಲ, ಅವಳೂ ಬಾಯಿ ತೆರೆಯಲಿಲ್ಲ. ಆಗ ಹುಡುಗ ಬಲೆ ಕೆಳಗಿಟ್ಟು, ಹಂದಿಯ ಹಗ್ಗ ಬಿಚ್ಚಿದೆಯೋ ಏನೋ ನೋಡಿ ಬರುತ್ತೇನೆ ಎಂದು ಹೊರಗೆ ಹೋದ. ಹೊರಗೆ ಮಳೆ ಸುರಿಯುತ್ತಿತ್ತು. ಹಂದಿಯ ಹಗ್ಗ ಗಟ್ಟಿಯಾಗಿಯೇ ಇತ್ತು. ಅವನು ಮಳೆಯಲ್ಲಿ ತೋಯುತ್ತ ಅಂಗಳದಲ್ಲೇ ನಿಂತ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಅಕ್ಕನ ದನಿಯಲ್ಲಿ ಬಾ ಎಂದು ಕೇಳಿಸಿತು. ಒಳಗೆ ಬಂದಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ ಅವನ ಮುಖ ನೋಡಲಿಲ್ಲ, ಒಣಗಿದ ಬಟ್ಟೆಯೊಂದನ್ನು ಅವನ ಕಡೆ ತಳ್ಳಿದಳು.

ಆಮೇಲೆ ಲೋಸಾಲಿನೆ ದೊಡ್ಡವಳಾದಳು, ಶಾಲೆಯಲ್ಲಿ ಪಾಠ ಹೇಳಿದಳು, ಮದುವೆಯಾಗಿ ಮೆಲೆನೈತೆ ಎಂಬ ಮಗಳನ್ನು ಹೆತ್ತಳು, ದೇಶಕ್ಕೆಲ್ಲ ಬೇಕಾದವಳಾದಳು. ಪದ ಕಟ್ಟುವುದನ್ನು ಕಲಿಯಬೇಕೆಂದು ಹಾಪಾಯಿ ದ್ವೀಪಗಳಿಂದ ಪಿಸಿಲಾ ಎಂಬ ಹುಡುಗಿ ಬಂದು ಅವಳ ಮನೆಯಲ್ಲೇ ಇದ್ದು ಕಲಿತಳು. ಆ ಪಿಸಿಲಾ ಮುಂದೆ ತಾನೂ ಪುಸ್ತಕ ಬರೆದು ಹೆಸರು ಮಾಡಿದಳು. ಮೋಸೆಸೆ ಮಾತ್ರ ಅಕ್ಕನ ಮನೆಗೆ ಮೀನು ಕೊಡಲು ಹೋದರೂ ಬಾಗಿಲಾಚೆ ನಿಂತು, ಕೊಟ್ಟು, ಬರುತ್ತಿದ್ದ. ಅವಳು ತೀರಿಕೊಂಡಾಗಲೂ ಅಷ್ಟೇ. ಅಕ್ಕನ ಸಾವಿನಲ್ಲಿ ತಮ್ಮನ ಜಾಗ ಹಿತ್ತಿಲು. ಸೂತಕದ ಗುರುತಿಗೆ ಹರಿದ ಚಾಪೆ ಸೊಂಟಕ್ಕೆ ಸುತ್ತಿಕೊಂಡು, ನೆಲದ ಒಲೆಗೆ ಕಲ್ಲು ಜೋಡಿಸಿ, ಬಂದವರಿಗೆಲ್ಲ ಹಂದಿ ಬೇಯಿಸಿದ. ಒಳಗೆ ರಾಜ್ಯವೆಲ್ಲ ಸೇರಿ ಅವಳ ಹಾಡು ಹೇಳಿ ಅತ್ತಿತು. ಹಿತ್ತಿಲಲ್ಲಿ ಇವನಿಗೆ ಕೇಳಿಸಿದ್ದು ಮತ್ತೆ ಕೊನೆಯ ಸಾಲುಗಳು ಮಾತ್ರ. ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದ.

ಅವಳು ಹೋಗಿ ಕೆಲವು ವರ್ಷವಾದ ಮೇಲೆ, ಮೋಸೆಸೆ ಬಸ್ಸು ಮಾರಿ ಮನೆಯಲ್ಲಿ ಕೂತ ಕಾಲಕ್ಕೆ, ಸಮುದ್ರದಂಡೆಯ ಹಳೆಯ ಮರದ ಬಂಗಲೆಯಲ್ಲಿರುವ ಚಿಕ್ಕ ಮ್ಯೂಸಿಯಮ್ಮಿನಲ್ಲಿ ಒಂದು ಪ್ರದರ್ಶನ ಏರ್ಪಾಡಾಯಿತು. ಗುರುವಿನ ಬರವಣಿಗೆ ಶಿಷ್ಯೆಯಲ್ಲಿ ಹೇಗೆ ಬೇರುಬಿಟ್ಟಿತು ಎಂದು ತೋರಿಸುವುದು ಅದರ ಉದ್ದೇಶ. ಒಂದು ಗೋಡೆ ಲೋಸಾಲಿನೆಗೆ, ಎದುರಿನ ಗೋಡೆ ಪಿಸಿಲಾಗೆ. ಏರ್ಪಾಡು ಮಾಡಿದವಳು ಅಲ್ಲೇ ಕೆಲಸಕ್ಕಿದ್ದ ಮೆಲೆನೈತೆ. ಅವಳು ಕಾರಿನಲ್ಲಿ ಕೊಲೊವಾಯಿಗೆ ಬಂದು, ಮಾವ ಎದುರಿಗಿಟ್ಟ ಕಲ್ಲಂಗಡಿ ತಿಂದು ಮುಗಿಸಿ, ವಿಷಯ ಹೇಳಿದಳು.

"ಅಮ್ಮನ ಪ್ರದರ್ಶನಕ್ಕೆ ಅಮ್ಮನ ತಮ್ಮನೇ ಬರ್ಲಿಲ್ಲ ಅಂದ್ರೆ ಜನ ಏನಂತಾರೆ ಮಾವ? ಮುಂದಿನ ಸಾಲು, ಮೊದಲನೇ ಕುರ್ಚಿ. ನಾನು ಹೇಳಿದ್ದು ಆಯ್ತು."

ನಮ್ಮಲ್ಲಿ ಸೋದರಸೊಸೆ ಹೇಳಿದ್ದಕ್ಕೆ ಇಲ್ಲ ಎನ್ನುವ ಸೋದರಮಾವ ಹುಟ್ಟಿಲ್ಲ. ಅಕ್ಕನ ಮಗಳೆಂದರೆ ಮನೆಗೆ ರಾಣಿ. ಅವಳು ಬಂದು ಅಂಗಳದ ಕೊಬ್ಬಿದ ಹಂದಿಯನ್ನು ಬೆರಳು ಮಾಡಿ ತೋರಿಸಿದರೆ ಹಂದಿ ಅವಳದು. ಫುಸಿ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟ ನವಿರಾದ ಚಾಪೆಯನ್ನು ಎಳೆದುಕೊಂಡರೆ ಚಾಪೆಯೂ ಅವಳದು. ಮೆಲೆನೈತೆ ಎರಡನ್ನೂ ಮಾಡಿದ್ದಳು, ಮೋಸೆಸೆ ನಗುತ್ತಲೇ ಕೊಟ್ಟಿದ್ದ. ಈ ಸಲ ಮಾತ್ರ ಅವನ ಮುಖದಲ್ಲಿ ನಗು ಬರಲಿಲ್ಲ. ಅಕ್ಕನ ಮಗಳ ಮಾತು ಮೀರಿದರೆ ಅಕ್ಕನಿಗೇ ಅವಮಾನ. ಮಾತಿನಂತೆ ಹೋಗಿ ಕೂತರೆ ಜೀವಮಾನವೆಲ್ಲ ಅವಳಿಗಾಗಿ ಉಳಿಸಿಕೊಂಡು ಬಂದ ಮರ್ಯಾದೆ ಅವಳ ಗೋಡೆಯ ಎದುರಿಗೇ ಮಣ್ಣುಪಾಲು. ಅವನು ಮೂರು ಹೊತ್ತೂ ಅಂಗಳ ಗುಡಿಸಿದ. ಅಂಗಳದಲ್ಲಿ ಕಸವಿರಲಿಲ್ಲ.

ದಾರಿ ಹೊಳೆದದ್ದು ಚರ್ಚಿನಲ್ಲಿ, ಪಾದ್ರಿಗಳ ಉಪದೇಶದ ನಡುವೆ. ಪಕ್ಕದಲ್ಲಿದ್ದ ಫುಸಿಯ ಮೊಣಕೈ ತಿವಿದು ಪಿಸುಗುಟ್ಟಿದ. ಅಕ್ಕನ ಗೋಡೆ ನೋಡಬಾರದು, ಸರಿ. ಆದರೆ ಶಿಷ್ಯೆಯ ಗೋಡೆ ನೋಡಿದರೆ ಏನು ತಪ್ಪು? ಪಿಸಿಲಾ ತನ್ನ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಅಕ್ಕನಿಂದ ಅವಳಿಗೆ ಏನೇನು ಬಂದಿದೆಯೋ ಅದೆಲ್ಲ ಆ ಗೋಡೆಯಲ್ಲಿರುತ್ತದೆ ಎಂದು ಮೆಲೆನೈತೆಯೇ ಹೇಳಿದಳಲ್ಲ. ಅಕ್ಕ ಏನು ಹೇಳುತ್ತಿದ್ದಳು ಎಂದು ಅಕ್ಕನ ಕಡೆ ಕಣ್ಣೆತ್ತದೆ ತಿಳಿಯಬಹುದು. ಫುಸಿ ಅವನನ್ನು ಒಂದು ಗಳಿಗೆ ನೋಡಿದಳು. ಈ ಮನುಷ್ಯನ ತಲೆಯಲ್ಲಿ ಇಷ್ಟು ಬುದ್ಧಿ ಇದ್ದದ್ದು ಇಷ್ಟು ವರ್ಷ ತನಗೇ ಗೊತ್ತಿರಲಿಲ್ಲ ಎಂದು ಅವಳು ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ಬಂದಳು.

ಪ್ರದರ್ಶನದ ದಿನ ಮೋಸೆಸೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಭೆ ಸಮಾರಂಭಕ್ಕೆ ಉಡುವ ಒಳ್ಳೆಯ ಚಾಪೆಯನ್ನು ಸೊಂಟಕ್ಕೆ ಬಿಗಿದು, ಜನ ಸೇರುವ ಮೊದಲೇ ಮ್ಯೂಸಿಯಮ್ಮಿಗೆ ಹೋದ. ಬಾಗಿಲಲ್ಲಿ ನಿಂತು ಯಾವ ಗೋಡೆ ಯಾರದು ಎಂದು ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಎಡಗೈಯನ್ನು ಕಣ್ಣಿನ ಪಕ್ಕಕ್ಕೆ ಮರೆ ಮಾಡಿ, ಗಾಡಿಯ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ, ನೇರ ಬಲಗೋಡೆಯ ಹತ್ತಿರಕ್ಕೆ ನಡೆದ. ಕುರ್ಚಿ ಜೋಡಿಸುತ್ತಿದ್ದವರು ಕಿಸಕ್ಕೆಂದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಲೆಯ ಮೇಲೆ ಆ ಗೋಡೆಯಿಂದ ಈ ಗೋಡೆಗೆ ತೆಂಗಿನ ನಾರಿನ ಹುರಿಗಳನ್ನು ಎಳೆದು ಕಟ್ಟಿದ್ದರು. ಗುರುವಿನ ಯಾವ ಸಾಲು ಶಿಷ್ಯೆಯ ಯಾವ ಸಾಲಿಗೆ ಬಂದಿದೆ ಎಂದು ಹುರಿ ಹಿಡಿದು ನೋಡಬಹುದು. ಮೋಸೆಸೆಗೆ ಹುರಿಯ ಒಂದು ತುದಿ ಮಾತ್ರ ಸಾಕಾಗಿತ್ತು. ಅವನು ಅದರ ಅಡಿಯಲ್ಲಿ ನಿಂತು ಓದುತ್ತಿದ್ದಾಗ ಪಿಸಿಲಾ ತಾನೇ ಹತ್ತಿರ ಬಂದು ನಮಸ್ಕಾರ ಹೇಳಿದಳು. ತಲೆಯಲ್ಲಿ ಅಲ್ಲಲ್ಲಿ ನರೆ ಬಂದ, ಮೆತ್ತಗೆ ಮಾತಾಡುವ ಹೆಂಗಸು. ಅವನು ಅವಳಿಗೆ ಪ್ರತಿನಮಸ್ಕಾರ ಮಾಡುವ ಮೊದಲೇ ಅವಳ ತಾಯಿ ಯಾರ ಕಡೆಯವಳು ಎಂದು ಕೇಳಿದ. ಅವಳಿಗೂ ಅದು ಅರ್ಥವಾಯಿತು. ದೂರದ ನೆಂಟಸ್ತಿಕೆ ಹಿಡಿದು ಅವಳೆಲ್ಲಾದರೂ ತಂಗಿಯ ಸಾಲಿಗೆ ಬಂದುಬಿಟ್ಟರೆ ಈ ಗೋಡೆಯನ್ನೂ ಅವನು ಬಿಟ್ಟು ಹೋಗಬೇಕು. ಇಬ್ಬರೂ ನಿಂತಲ್ಲೇ ಅಜ್ಜ, ಮುತ್ತಜ್ಜ, ಅವರ ಮೊದಲ ಹೆಂಡತಿ, ಎರಡನೆಯ ಹೆಂಡತಿ ಎಲ್ಲರನ್ನೂ ತಿರುವಿಹಾಕಿದರು. ಎಲ್ಲೂ ಗಂಟು ಬೀಳಲಿಲ್ಲ.

"ಸದ್ಯ, ನೀನು ನಮಗೆ ಏನೂ ಆಗಲ್ಲ," ಎಂದು ಮೋಸೆಸೆ ದೊಡ್ಡ ಉಸಿರು ಬಿಟ್ಟ. "ಇನ್ನು ನಿಶ್ಚಿಂತೆಯಿಂದ ಓದ್ತೀನಮ್ಮ."

ಓದಿದ. ಕನ್ನಡಕ ಮೇಲೆ ಕೆಳಗೆ ಮಾಡುತ್ತ, ತುಟಿ ಅಲ್ಲಾಡಿಸುತ್ತ ಓದಿದ. ಪಿಸಿಲಾ ಪ್ರೀತಿಯನ್ನು ನೇರವಾಗಿ ಹೇಳುತ್ತಿರಲಿಲ್ಲ. ಮೊದಲು ಅಂಗಳ ಹೇಳುವಳು, ಒದ್ದೆ ಚಾಪೆ, ಹೊಗೆ ಹಿಡಿದ ಮಡಕೆ ಹೇಳುವಳು, ಆಮೇಲೆ ಯಾರದೋ ಕೈ ಯಾರದೋ ಕೈಗೆ ತಾಗಿದ್ದನ್ನು ಹೇಳುವಳು. ಅವನು ಮತ್ತೆ ಮೊದಲಿನಿಂದ ಓದಿದ. ಆ ಅಂಗಳ ಅವನಿಗೆ ಗೊತ್ತಿತ್ತು. ಹಾಪಾಯಿಯ ಹುಡುಗಿಗೆ ಆ ಅಂಗಳ ಎಲ್ಲಿಂದ ಬಂತು ಎಂದು ಯೋಚಿಸಿ, ಅದು ಅಕ್ಕನಿಂದಲೇ ಬಂದದ್ದೆಂದು ಹೊಳೆದು, ಅಷ್ಟರಲ್ಲೇ ಎಡಗೈ ಮರೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಒಂದು ಹಾಳೆಯಲ್ಲಿ ಹೀಗಿತ್ತು: ಬಸ್ಸು ನಿಂತಿತು, ಒಬ್ಬ ಇಳಿದು ಹೋಗಿ ಚಕ್ರದ ಬಳಿ ಕೂತ, ಈಗ ನಿನಗೆ ಹೇಳಬಹುದು. ಅದನ್ನು ಓದಿ ಅವನು ಒಬ್ಬನೇ ನಕ್ಕ. ಹುಡುಗಿ ಆ ಕಾಲಕ್ಕೆ ತನ್ನ ಬಸ್ಸಿನಲ್ಲೇ ಓಡಾಡುತ್ತಿದ್ದಳು ಎಂದು ನೆನಪಾಯಿತು.

ನಗುತ್ತಲೇ ಹಾಳೆಯ ತಳಕ್ಕೆ ಬಂದವನು ನಿಂತುಬಿಟ್ಟ. ಕೊನೆಯ ಸಾಲು, ಒಳಗೆ ಬಾ, ಹೊರಡುವ ಹೊತ್ತಾಯಿತು. ಪಕ್ಕದ ಹಾಳೆ ನೋಡಿದ, ಅದರ ಪಕ್ಕದ್ದು ನೋಡಿದ. ಎಲ್ಲದರ ಕೊನೆಯಲ್ಲೂ ಒಳಗೆ ಬಾ. ನಾರಿನ ಹುರಿಗಳಲ್ಲಿ ಹೆಚ್ಚಿನವು ಹಾಳೆಗಳ ತಳಕ್ಕೇ ಕಟ್ಟಿದ್ದವು. ಕೆಳಗೆ ಒಂದು ಚೀಟಿ ಅಂಟಿಸಿ, ಈ ಕರೆ ಗುರುವಿನಿಂದ ಶಿಷ್ಯೆಗೆ ಬಂದದ್ದು, ಇದು ದೇವರು ಆತ್ಮವನ್ನು ಮನೆಗೆ ಕರೆಯುವ ಕರೆ ಎಂದು ಹಿರಿಯರ ಅಭಿಪ್ರಾಯ, ಹೋದ ಪ್ರಿಯನನ್ನು ಕರೆಯುವುದು ಎಂದು ಹುಡುಗಿಯರ ಅಭಿಪ್ರಾಯ ಎಂದು ಬರೆದಿತ್ತು. ಮೋಸೆಸೆ ಅದನ್ನು ಎರಡು ಸಲ ಓದಿದ. ಕೇಳೋಣವೆಂದರೆ ಪಿಸಿಲಾ ಬಂದವರ ನಡುವೆ ಸಿಕ್ಕಿಕೊಂಡಿದ್ದಳು. ಅಷ್ಟರಲ್ಲಿ ಜನ ತುಂಬಿ, ಮೆಲೆನೈತೆ ಬಂದು ಅವನ ಕೈ ಹಿಡಿದು ಮೊದಲನೇ ಕುರ್ಚಿಯಲ್ಲಿ ಕೂರಿಸಿದಳು. ಕುರ್ಚಿಯ ಮುಖವನ್ನು ಪಿಸಿಲಾಳ ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಆ ಮಟ್ಟಿಗೆ ಅವಳಿಗೆ ಮಾವನ ಮೇಲೆ ಕರುಣೆ ಇತ್ತು.

ಪ್ರಾರ್ಥನೆಯಾಯಿತು, ಭಾಷಣಗಳಾದವು. ಪಿಸಿಲಾ ಎದ್ದು ತನ್ನದೊಂದು ಹಾಡು ಓದಿದಳು. ಮೋಸೆಸೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಒಂದಕ್ಷರ ತಪ್ಪದಂತೆ, ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ. ಪ್ರೀತಿಯ ಹಾಡೊಂದನ್ನು ಅವನು ಪೂರ್ತಿ ಕೇಳಿದ್ದನ್ನು ಊರು ಕಂಡದ್ದು ಅದೇ ಮೊದಲು. ಫುಸಿ ಹಿಂದಿನ ಸಾಲಿನಲ್ಲಿ ಕೂತು ಹಾಡಿನ ಬದಲು ಗಂಡನ ಕತ್ತನ್ನೇ ನೋಡುತ್ತಿದ್ದಳು.

ಅಲ್ಲಿಗೆ ಮುಗಿದಿದ್ದರೆ ಅವನು ಸಂತೃಪ್ತನಾಗಿ ಮನೆಗೆ ಹೋಗುತ್ತಿದ್ದ. ಆದರೆ ಮೆಲೆನೈತೆ ಒಂದು ಏರ್ಪಾಡನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು. ಹಳೆಯ ಟೇಪಿನಲ್ಲಿ ಲೋಸಾಲಿನೆ ಸ್ವತಃ ಹಾಡಿದ್ದೊಂದು ಸಿಕ್ಕಿತ್ತು. ಮಾವನನ್ನು ಮೊದಲ ಕುರ್ಚಿಯಲ್ಲಿ ಕೂರಿಸಿದ್ದಾಗಿದೆ, ತಾನು ಹೇಳಿದ ಮೇಲೆ ಏಳುವುದಿಲ್ಲ, ಸಾಯುವ ಮೊದಲು ಒಂದು ಸಲ ಅಕ್ಕನ ದನಿ ಕೇಳಲಿ ಎಂದು ಅವಳ ಲೆಕ್ಕ. ಪ್ರೀತಿಯಿಂದಲೇ ಮಾಡಿದ ತಪ್ಪು. ಟೇಪು ಸ್ವಲ್ಪ ಸರಸರ ಎಂದು, ಆಮೇಲೆ ಒಬ್ಬ ಹೆಂಗಸು ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆ ಸದ್ದಿಗೇ ಮೋಸೆಸೆಗೆ ಅಕ್ಕನ ಗುರುತು ಹತ್ತಿತು.

ಕೋಣೆಯೆಲ್ಲ ಅವನ ಕಡೆ ನೋಡಿತು. ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಕೂರು ಎಂದು ಅಕ್ಕನ ಮಗಳ ಆಜ್ಞೆ. ಹಾಡು ಶುರುವಾಗಲು ಇನ್ನೊಂದು ಉಸಿರಿನಷ್ಟು ಹೊತ್ತಿತ್ತು. ಅವನಿಗೂ ಕೂರಬೇಕೆಂದು ಎಷ್ಟು ಆಸೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ಎದ್ದ.

"ಮಗಳೇ, ಒಂದು ನಿಮಿಷ," ಎಂದ. "ಟೈರು ನೋಡಿ ಬರ್ತೀನಿ."

ಅವನು ಬಸ್ಸು ಮಾರಿ ಎಷ್ಟೋ ಕಾಲವಾಗಿತ್ತು. ಯಾರೋ ಒಬ್ಬರು ನಕ್ಕರು, ಜೊತೆಗೆ ಯಾರೂ ನಗಲಿಲ್ಲ. ಮೆಲೆನೈತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ಬಾಗಿಲು ದಾಟಿ, ಮೆಟ್ಟಿಲಿಳಿದು, ಅಲ್ಲಿ ನಿಲ್ಲಿಸಿದ್ದ ಮೆಲೆನೈತೆಯ ಕಾರಿನ ಹಿಂದಿನ ಎಡಗಡೆಯ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಕೈಯಲ್ಲಿ ಸ್ಪ್ಯಾನರಿರಲಿಲ್ಲ, ಬೆರಳ ಗೆಣ್ಣಿನಿಂದ ಟೈರು ಬಡಿದ. ಸಮುದ್ರದ ಕಡೆಯ ಗಾಳಿಗೆ ಒಳಗಿನ ದನಿ ಮಾತಾಗಿ ಕೇಳಿಸುತ್ತಿರಲಿಲ್ಲ, ಬರೀ ದನಿಯಾಗಿ ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಪಿಸಿಲಾ ಹೊರಗೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮೋಸೆಸೆ ತಲೆಯೆತ್ತದೆ, ತನ್ನನ್ನು ಕಾಡುತ್ತಿದ್ದದ್ದನ್ನು ಕೇಳಿದ. ಅವಳು ಬರೆದದ್ದೆಲ್ಲದರ ಕೊನೆಗೆ ಒಳಗೆ ಬಾ ಎಂದು ಯಾಕೆ ಬರುತ್ತದೆ? ಅದು ದೇವರ ಕರೆಯೋ, ಪ್ರಿಯನನ್ನು ಕರೆಯುವುದೋ?

"ನನಗೂ ಇವತ್ತಿನ ತನಕ ಗೊತ್ತಿರ್ಲಿಲ್ಲ ಅಜ್ಜ," ಎಂದಳು ಪಿಸಿಲಾ. "ಅವರು ಕಲಿಸಿದ್ದೇ ಹಂಗೆ. ಮೊದಲು ಒಬ್ಬನ್ನ ಹೊರಗೆ ಕಳಿಸು, ಹಂದಿ ಹಗ್ಗ ನೋಡೋಕೋ ಮೋಡ ನೋಡೋಕೋ, ಅವನು ಹೋದ ಮೇಲೇ ನಿನ್ನ ಬಾಯಿ ಬಿಚ್ಚುತ್ತೆ ಅನ್ನೋರು. ಕೊನೇ ಸಾಲು ಮಾತ್ರ ಅಂಗಳಕ್ಕೆ ಕೇಳೋ ಹಾಗೆ ಬರಿ ಅನ್ನೋರು. ಒಂದ್ಸಲ ನಾನು ಆ ಸಾಲು ಬಿಟ್ಟು ಬರೆದೆ. ಹಾಡು ಅಲ್ಲಿಗೇ ಚೆನ್ನಾಗಿ ಮುಗಿದಿತ್ತು. ಅವರು ಹಾಳೆ ನನ್ನ ಕಡೆ ತಳ್ಳಿಬಿಟ್ರು. ಬೈದ್ರು."

"ಏನಂತ ಬೈದ್ಲು?"

"ಅಂಗಳದಲ್ಲಿ ನಿಂತವನನ್ನ ಮರೆತ್ಯಾ, ಮಳೇಲಿ ನಿಂತಿದಾನೆ ಕಣೇ, ಕಾಲು ನೋಯುತ್ತೆ ಅವನಿಗೆ, ಅಂದ್ರು. ಯಾರು ಅಂತ ಕೇಳಿದೆ. ಹೇಳಲಿಲ್ಲ." ಪಿಸಿಲಾ ಚಕ್ರದ ಕಡೆ ನೋಡಿದಳು. "ಈಗ ನೀವು ಎದ್ದು ಬಂದ್ರಲ್ಲ, ಆಗ ತಿಳೀತು."

ಟೈರಿನ ಮೇಲಿದ್ದ ಮೋಸೆಸೆಯ ಕೈ ಅಲ್ಲೇ ಉಳಿಯಿತು. ಆ ಸಂಜೆಯ ಮಳೆ, ಗಟ್ಟಿಯಾಗಿಯೇ ಇದ್ದ ಹಂದಿಯ ಹಗ್ಗ, ಬಾ ಎಂದದ್ದು. ಆಮೇಲಿನ ಅಷ್ಟೂ ಹಾಡು. ಗಾಳಿ ತಣ್ಣಗಾಯಿತು, ದೀಪ ಹಚ್ಚಿದೆ, ಜೀಗುಜ್ಜೆ ಬೆಂದಿದೆ. ಹಾಡಿನ ಉಳಿದದ್ದೆಲ್ಲ ಊರಿನದು, ತನಗೆ ಗೊತ್ತಿರುವುದು ಬರೀ ತಳದ ಚೂರು ಎಂದು ಅವನು ಇಷ್ಟು ವರ್ಷ ಎಂದುಕೊಂಡಿದ್ದ. ಅವಳು ಒಂದು ದಿನವೂ ಎದುರಿಗೆ ಇದರ ಮಾತು ಆಡದೆ, ದೇಶದ ಬಾಯಲ್ಲೆಲ್ಲ ಅವನನ್ನು ಕರೆಸಿದ್ದಳು. ಅವನು ಎಂದೂ ಉತ್ತರ ಕೊಟ್ಟಿರಲಿಲ್ಲ. ಆ ಕರೆ ಬೇರೆ ಯಾರಿಗೋ ಎಂದುಕೊಂಡು ಸುಮ್ಮನೆ ಧೂಳು ಕೊಡವಿ ಬಸ್ಸು ಹತ್ತಿದ್ದ.

ಒಳಗೆ ಹಾಡು ಕೊನೆಗೆ ಬಂದಿರಬೇಕು. ಟೇಪಿನಲ್ಲಿ ದನಿ ಏರಿತು, ಕೂತವರೆಲ್ಲ ರೂಢಿಯಂತೆ ದನಿಗೂಡಿಸಿದರು. ಅವರ ನಡುವೆಯೂ ಅವಳದು ಬೇರೆಯಾಗಿ ಕೇಳಿಸಿತು.

ಒಳಗೆ ಬಾ, ಮಳೆ ನಿಂತಿತು.

ಮೋಸೆಸೆ ಕಾರಿನ ಆಸರೆ ಹಿಡಿದು ಎದ್ದ. ಮೊಣಕಾಲಿನ ಧೂಳು ಕೊಡವಿದ, ಸೊಂಟದ ಚಾಪೆ ಸರಿಮಾಡಿಕೊಂಡ.

"ಬಂದೆ ಅಕ್ಕಾ," ಎಂದು ಒಳಗೆ ಕೂತವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ, ಮೆಟ್ಟಿಲು ಹತ್ತಿದ.